ನೆಲಕ್ಕೆ ಹುಳಿ ಆಗಿಬರದು

ಹೊಸ ಮನೆಯ ನೆಲಕ್ಕೆ ಎಲ್ಲಕ್ಕಿಂತ ಕಠಿಣ ಪರೀಕ್ಷೆ ನಡೆಯುವುದು ಗೃಹಪ್ರವೇಶದ ದಿನ. ಬಾಗಿಲಿಗೆ ಕಟ್ಟಿದ ಬಾಳೆಕಂಬದಿಂದ ಕರೆ ಸೋರುತ್ತದೆ. ಹೊಸ್ತಿಲಿಗೆ ಅರಿಶಿನ ಬಳಿಯುತ್ತಾರೆ. ಹಸು-ಕರು ಒಳಗೆ ಬಂದು ಹೋಗುತ್ತವೆ, ಅವು ಏನು ಬಿಟ್ಟುಹೋದರೂ ಮಂಗಳವೇ. ಹಾಲು ಉಕ್ಕಲೇಬೇಕು, ಉಕ್ಕಿದ್ದು ಒಲೆಕಟ್ಟೆಯಿಂದ ಕೆಳಗಿಳಿಯುತ್ತದೆ. ನಡುಮನೆಯಲ್ಲಿ ಇಟ್ಟಿಗೆ, ಮರಳು ಹಾಕಿ ಹೋಮ: ತುಪ್ಪ, ಹೊಗೆ, ಕಾವು. ಅದರ ಜೊತೆಗೆ ಪಂಚಾಮೃತ, ಕುಂಕುಮದ ನೀರು, ದೀಪದ ಎಣ್ಣೆ. ಮಧ್ಯಾಹ್ನ ಊಟಕ್ಕೆ ಕೂತವರ ಎಲೆಯಿಂದ ಜಾರಿದ ಸಾರು, ಉಪ್ಪಿನಕಾಯಿಯ ರಸ. ಇಷ್ಟೆಲ್ಲ ಬೀಳುವುದು ವಾರದ ಹಿಂದೆ ಹಾಸಿ ಮುಗಿಸಿದ, ಸಂದುಗಳ ಸಿಮೆಂಟು ಇನ್ನೂ ಪೂರ್ತಿ ಒಣಗದ ನೆಲದ ಮೇಲೆ. ಮುಹೂರ್ತ ಮೊದಲು ಗೊತ್ತಾಗಿರುತ್ತದೆ, ಮೇಸ್ತ್ರಿಯ ಕೆಲಸ ಅದರ ಹಿಂದೆ ಓಡಿಕೊಂಡು ಬರುತ್ತದೆ.

ಎರಡು ದಿನ ಬಿಟ್ಟು ನೋಡಿದರೆ ಬಿಳಿ ಸಂದುಗಳಿಗೆ ಅಲ್ಲಲ್ಲಿ ಕೆಂಪು ಹತ್ತಿರುತ್ತದೆ. ಬಿದ್ದದ್ದು ಹಳದಿ ಅರಿಶಿನ, ಕಲೆ ಮಾತ್ರ ಕೆಂಪು. ಕುಂಕುಮ ಮಾಡುವವರಿಗೆ ಇದರಲ್ಲಿ ಅಚ್ಚರಿಯಿಲ್ಲ; ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗಲೇಬೇಕು. ಹಸಿ ಸಿಮೆಂಟಿನಲ್ಲಿ ಇರುವುದೂ ಸುಣ್ಣದ ಕ್ಷಾರವೇ. ಬಟ್ಟೆಸೋಪು ಹಾಕಿ ಉಜ್ಜಿದರೆ ಇನ್ನಷ್ಟು ಕೆಂಪಾಗುತ್ತದೆ. ಬಿಸಿಲು ಬೀಳುವ ಜಾಗವಾದರೆ ಸುಮ್ಮನೆ ಬಿಡುವುದೇ ಮದ್ದು, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬಿಸಿಲು ಬಾರದ ಕಡೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತಿ ಅದ್ದಿ ಸ್ವಲ್ಪ ಹೊತ್ತು ಇಟ್ಟರೆ ತಿಳಿಯಾಗುತ್ತದೆ. ಆದರೆ ಅಷ್ಟು ತಾಳ್ಮೆ ಯಾರಿಗೆ? ಕೆಲಸ ಮಾಡಿಸಿದವರನ್ನು ಕೇಳಿದರೆ ಸಿಗುವ ಉತ್ತರ ಊರಿಂದೂರಿಗೆ ಒಂದೇ: "ಆಸಿಡ್ ಹಾಕಿ ತೊಳೆಸಿಬಿಡಿ ಸಾರ್, ಫಳಫಳ ಅನ್ನತ್ತೆ."

ನಮ್ಮ ಮನೆಗಳ ನೆಲ ಕೊಳೆಯಾಗಿ ಕೆಟ್ಟದ್ದಕ್ಕಿಂತ ತೊಳೆಸಿಕೊಂಡು ಕೆಟ್ಟದ್ದೇ ಹೆಚ್ಚು ಎಂದು ನನ್ನ ಲೆಕ್ಕ. ಅದರಲ್ಲಿ ಮೊದಲ ಆರೋಪಿ ಈ ಬಾಟಲಿ. ಟೈಲ್ಸ್ ಹಾಸಿದ ಮೇಲೆ ಅಂಟಿದ ಸಿಮೆಂಟಿನ ಕಲೆ ತೆಗೆಯಲು ಕಟ್ಟಡದಲ್ಲಿ ಒಮ್ಮೆ ಬಳಸುತ್ತಾರೆ. ಉಳಿದದ್ದು ಬಚ್ಚಲ ಮೂಲೆಯಲ್ಲಿ ಕೂರುತ್ತದೆ. ಆಮೇಲೆ ಹಬ್ಬ ಬಂದಾಗಲೆಲ್ಲ ಹೊರಬರುತ್ತದೆ. ಅದು ಏನನ್ನು ಕರಗಿಸುತ್ತದೆ ಎಂದು ಕೇಳುವವರು ಕಡಿಮೆ. ಕೊಳೆ ಹೋಯಿತಲ್ಲ, ಸಾಕು. ಹೋದದ್ದು ಕೊಳೆಯೋ, ಕೊಳೆ ಕೂತಿದ್ದ ಕಲ್ಲೋ?

ಸುಣ್ಣದ ಸಂಸಾರ

ಇದನ್ನು ತಿಳಿಯಲು ಕಲಬುರಗಿ ಜಿಲ್ಲೆಗೆ ಹೋಗಬೇಕು. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಭೂಮಿಯೊಳಗೆ ಸುಣ್ಣಕಲ್ಲು ಪದರಪದರವಾಗಿ ಮಲಗಿದೆ. ಪದರದ ಗುಂಟ ಹಾರೆ ಹಾಕಿ ಎಬ್ಬಿಸಿದರೆ ಚಪ್ಪಟೆ ಹಾಸುಗಲ್ಲು ತಾನಾಗಿ ಬಿಟ್ಟುಕೊಳ್ಳುತ್ತದೆ. ಉತ್ತರ ಕರ್ನಾಟಕದ ಮನೆ, ಮಠ, ಶಾಲೆ, ರೈಲು ನಿಲ್ದಾಣಗಳ ನೆಲದಲ್ಲೆಲ್ಲ ಇದೇ ಶಾಬಾದಿ ಪರಸಿ. ಬೂದು, ಹಳದಿ, ತುಸು ನೀಲಿ ಛಾಯೆ. ಅದೇ ಸುಣ್ಣಕಲ್ಲಿಗೆ ಜೇಡಿಮಣ್ಣು ಸೇರಿಸಿ, ಪುಡಿಮಾಡಿ ಸುಟ್ಟರೆ ಸಿಮೆಂಟು. ಅದಕ್ಕೆಂದೇ ವಾಡಿ, ಸೇಡಂ, ಮಳಖೇಡಗಳಲ್ಲಿ ಕಾರ್ಖಾನೆಗಳು ಬಂದವು. ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ರಾಜಧಾನಿಯ ಮಗ್ಗುಲಲ್ಲೇ ಈಗ ಸಿಮೆಂಟಿನ ಗೂಡು ತಿರುಗುತ್ತಿದೆ.

ಹಾಗಾಗಿ ನೆಲದ ಕಲ್ಲೂ ಸಂದಿನ ಸಿಮೆಂಟೂ ಒಂದೇ ಮನೆತನದವು. ಎರಡರ ಜೀವಾಳವೂ ಕ್ಯಾಲ್ಸಿಯಂ. ಆಂಧ್ರದ ಕಡೆಯಿಂದ ಬರುವ ಕಪ್ಪು ಕಡಪ, ರಾಜಸ್ಥಾನದ ಹಸಿರು ಕೋಟಾ, ಮಕರಾನಾದ ಬಿಳಿ ಮಾರ್ಬಲ್, ನಮ್ಮ ಅಪ್ಪಂದಿರ ಕಾಲದ ಮನೆಗಳಲ್ಲಿ ಹಾಕಿದ ಮೊಸಾಯಿಕ್, ಎಲ್ಲವೂ ಇದೇ ಸಂಸಾರದ ಮಕ್ಕಳು. ಮೊಸಾಯಿಕ್‌ನಲ್ಲಂತೂ ಮಾರ್ಬಲ್ ಚೂರು, ಅದನ್ನು ಹಿಡಿದ ಸಿಮೆಂಟು, ಎರಡೂ ಅದೇ. ಈ ಸಂಸಾರಕ್ಕೆ ಹುಳಿ ಆಗಿಬರುವುದಿಲ್ಲ. ಆಮ್ಲ ಬಿದ್ದ ತಕ್ಷಣ ನೊರೆ ಏಳುತ್ತದಲ್ಲ, ಅದು ಕೊಳೆ ಬಿಡುತ್ತಿರುವ ಗುರುತೆಂದು ಎಷ್ಟೋ ಜನ ಖುಷಿಪಡುತ್ತಾರೆ. ಅದು ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಹೊರಡುತ್ತಿರುವ ಗುರುತು.

ಆಸಿಡ್ ಬಾಟಲಿಯೇ ಆಗಬೇಕೆಂದಿಲ್ಲ. ಅಡಿಗೆಮನೆಯಲ್ಲಿ ಹುಳಿಗೆ ಬರವೇ? ನಿಂಬೆಹಣ್ಣಿನಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್. ಮಾರ್ಬಲ್ ಕಟ್ಟೆಯ ಮೇಲೆ ಹೆಚ್ಚಿದ ನಿಂಬೆಹೋಳನ್ನು ಬೋರಲು ಹಾಕಿ ಅರ್ಧ ಗಂಟೆ ಮರೆತರೆ ಸಾಕು, ಅಲ್ಲೊಂದು ಮಂಕು ಉಂಗುರ ಮೂಡುತ್ತದೆ. ಅದನ್ನು ಕಲೆ ಎಂದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಕಲೆ ಎಂದರೆ ಹೊರಗಿನದು ಒಳಗೆ ಹೋಗಿ ಕೂತದ್ದು. ಇಲ್ಲಿ ಒಳಗೆ ಏನೂ ಹೋಗಿಲ್ಲ, ಮೇಲಿನ ಹೊಳಪಿನ ಪದರವೇ ಎದ್ದುಹೋಗಿದೆ. ಅದಕ್ಕೆ ತೊಳೆಯುವ ಮದ್ದಿಲ್ಲ. ಮತ್ತೆ ಪಾಲಿಶ್ ಹಾಕಿಸುವುದೊಂದೇ ದಾರಿ.

ನಿಮ್ಮ ಮನೆಯ ಕಲ್ಲು ಯಾವ ಜಾತಿಯದೆಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಕಪಾಟಿನ ಅಡಿಯಲ್ಲೋ ಉಳಿದ ತುಂಡಿನ ಮೇಲೋ, ಎರಡು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ಕಾಯಿರಿ. ಒರೆಸಿದ ಮೇಲೆ ಮಂಕಾದರೆ ಸುಣ್ಣದ ಕಲ್ಲು. ಏನೂ ಆಗದಿದ್ದರೆ ಬಹುಮಟ್ಟಿಗೆ ಗ್ರಾನೈಟ್. 'ಬ್ಲ್ಯಾಕ್ ಗ್ರಾನೈಟ್' ಎಂದು ಕೊಂಡದ್ದರ ಮೇಲೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ ನೋಡುವುದೂ ಒಳ್ಳೆಯದು. ಬಟ್ಟೆಗೆ ಕಪ್ಪು ಹತ್ತಿದರೆ ಬೂದು ಕಲ್ಲಿಗೆ ಬಣ್ಣ ಕುಡಿಸಿ ಮಾರಿದ್ದಾರೆ.

ಗೊಮ್ಮಟ ಮತ್ತು ಗರ್ಭಗುಡಿ

ಗ್ರಾನೈಟಿನ ಗಟ್ಟಿತನಕ್ಕೆ ಶ್ರವಣಬೆಳಗೊಳಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿಯ ಗೊಮ್ಮಟನ ಮೂರ್ತಿಗೆ ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಶ್ರೀಗಂಧ ಎರೆಯುತ್ತಾರೆ. ಈಚಿನದು ನಡೆದದ್ದು 2018ರ ಫೆಬ್ರುವರಿಯಲ್ಲಿ. ಅಭಿಷೇಕ ಮುಗಿದು ನೀರು ಹರಿದ ಮೇಲೆ ಕಲ್ಲು ಮತ್ತೆ ಕಲ್ಲೇ. ಅದರಲ್ಲಿರುವುದು ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಹಾಲು ಹುಳಿಯಾದರೂ ಕರಗಿಸಲು ಅಲ್ಲಿ ಸುಣ್ಣವಿಲ್ಲ. ಅದೇ ಮೂರ್ತಿಯನ್ನು ಶಾಬಾದಿ ಕಲ್ಲಿನಲ್ಲಿ ಕಡೆದಿದ್ದರೆ ಮುಖದ ಮೇಲಿನ ಆ ನಗೆ ಇಷ್ಟು ಹೊತ್ತಿಗೆ ಎಷ್ಟು ಉಳಿದಿರುತ್ತಿತ್ತೋ.

ಕಲ್ಲಿಗೆ ಏನಾದರೂ ಕುಡಿಸಿ ಕಾಪಾಡುವ ಉಪಾಯವೂ ನಮಗೆ ಹಳೆಯದೇ. ಗರ್ಭಗುಡಿಯ ಮೂರ್ತಿಗೆ ಎಣ್ಣೆ ಹಚ್ಚುತ್ತಾರೆ. ಮನೆಯಲ್ಲಿ ಕಡಪದ ಕಪಾಟು ಬಿಳಿಚಿಕೊಂಡರೆ ಕೊಬ್ಬರಿ ಎಣ್ಣೆಯ ಕೈ ಆಡಿಸುತ್ತಾರೆ. ರೆಡ್ ಆಕ್ಸೈಡ್ ನೆಲಕ್ಕೆ ಮೊದಲು ಎಣ್ಣೆ, ಆಮೇಲೆ ಡಬ್ಬಿಯ ಮ್ಯಾನ್ಷನ್ ಪಾಲಿಶ್, ಮೊಣಕಾಲೂರಿ ಬಟ್ಟೆಯಲ್ಲಿ ತಿಕ್ಕುವ ಕೆಲಸ. ಮನೆಗೆ ಬಂದವರು ಜಾರಿಬಿದ್ದರೆ ಅದೇ ಆ ನೆಲದ ಪ್ರಶಸ್ತಿಪತ್ರ. ಎಣ್ಣೆಯ ತೊಂದರೆ ಇಷ್ಟೇ: ರಂಧ್ರ ತುಂಬುತ್ತದೆ ನಿಜ, ಆದರೆ ಒಣಗದೆ ಜಿಡ್ಡಾಗಿ ಉಳಿದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಗುಡಿಯ ಕಂಬಗಳ ಮೇಲೆ ಕರಿ ಕಿಟ್ಟ ಕಟ್ಟುವುದು ಹೀಗೆ. ಮೇಣ ಇದಕ್ಕಿಂತ ವಾಸಿ, ಅದಕ್ಕೂ ಆಗಾಗ ಉಪಚಾರ ಬೇಕು.

ಆ ಕಿಟ್ಟ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ವಿಜ್ಞಾನ ವಿಭಾಗದವರು. 1917ರಲ್ಲಿ ಶುರುವಾದ ಈ ವಿಭಾಗದ ಕೇಂದ್ರ ಡೆಹ್ರಾಡೂನಿನಲ್ಲಿದೆ. ಕಲ್ಲಿನ ಗುಡಿಗಳ ಜಿಡ್ಡು, ಪಾಚಿಗೆ ಅವರು ಸಾಮಾನ್ಯವಾಗಿ ಹಿಡಿಯುವುದು ತೆಳು ಅಮೋನಿಯಾ ನೀರು, ಸೌಮ್ಯ ಮಾರ್ಜಕ, ಮೆತ್ತನೆ ಬ್ರಶ್ಶು, ಬೇಕಾದಷ್ಟು ನೀರು. ಒಣಗಿದ ಮೇಲೆ ನೀರು ಹಿಡಿಯದಂತೆ ಲೇಪ. ತಾಜ್ ಮಹಲಿನ ಹಳದಿಗಟ್ಟಿದ ಮಾರ್ಬಲ್‌ಗೆ ಮುಲ್ತಾನಿ ಮಿಟ್ಟಿ ಮೆತ್ತಿ, ಒಣಗಿಸಿ, ತೊಳೆದದ್ದು ಪತ್ರಿಕೆಗಳಲ್ಲೂ ಬಂದಿತ್ತು. ಮಣ್ಣು ಒಣಗುತ್ತಾ ಕಲ್ಲಿನೊಳಗಿನ ಕೊಳೆಯನ್ನು ಹೀರಿ ತನ್ನ ಕಡೆ ಎಳೆದುಕೊಳ್ಳುತ್ತದೆ.

ಇದನ್ನೇ ದೇವರಮನೆಯಲ್ಲಿ ಮಾಡಬಹುದು. ದೀಪದ ಎಣ್ಣೆ ಕುಡಿದು ಕಪ್ಪಾದ ಮಾರ್ಬಲ್ ಮೇಲೆ ಮುಲ್ತಾನಿ ಮಿಟ್ಟಿಯನ್ನೋ ಸೀಮೆಸುಣ್ಣದ ಪುಡಿಯನ್ನೋ ಅಸಿಟೋನಿನಲ್ಲಿ ಗಟ್ಟಿಯಾಗಿ ಕಲಸಿ, ಬೆರಳಿನ ಅರ್ಧ ದಪ್ಪಕ್ಕೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಅಂಟಿಸಿ. ಒಂದು ದಿನ ಬಿಟ್ಟು ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟು, ಮರದ ಚಮಚದಲ್ಲಿ ಕೆರೆಯಿರಿ. ಹಳೆಯ ಕಲೆಯಾದರೆ ಇದನ್ನೇ ಮೂರು ನಾಲ್ಕು ಸಲ ಮಾಡಬೇಕಾದೀತು. ಅಸಿಟೋನ್ ಬೆಂಕಿಗೆ ಪೆಟ್ರೋಲಿನಷ್ಟೇ ಹತ್ತಿರ; ಆ ಎರಡು ದಿನ ದೇವರಿಗೆ ದೀಪ ಬೇರೆ ಕಡೆ ಹಚ್ಚಿ, ಕಿಟಕಿ ತೆರೆದಿಡಿ.

ಸೀಲರ್ ಮಾಡುವುದು, ಮಾಡದ್ದು

ಈಗ ಅಂಗಡಿಗಳಲ್ಲಿ 'ಸ್ಟೋನ್ ಸೀಲರ್' ಎಂದು ಡಬ್ಬಿಗಳ ಸಾಲೇ ಸಿಗುತ್ತದೆ. ಇದರಲ್ಲಿ ಎರಡು ಬಗೆ. ಒಂದು ಕಲ್ಲಿನ ಮೇಲೆ ಪೊರೆ ಕಟ್ಟುವ ಅಕ್ರಿಲಿಕ್, ಪಾಲಿಯುರೆಥೇನ್ ಜಾತಿ. ಹಚ್ಚಿದ ದಿನ ಮಿರಮಿರ ಮಿಂಚುತ್ತದೆ. ಆಮೇಲೆ ಓಡಾಡುವ ದಾರಿಯಲ್ಲಿ ಸವೆದು, ಬಿಸಿಲಿಗೆ ಹಳದಿಯಾಗಿ, ಒದ್ದೆಯಾದಾಗ ಜಾರಿ ಕಾಡುತ್ತದೆ. ಇನ್ನೊಂದು ಒಳಗಿಳಿಯುವ ಬಗೆ: ಸಿಲೇನ್, ಸಿಲೋಕ್ಸೇನ್. ಇದು ರಂಧ್ರಗಳ ಗೋಡೆಗೆ ಅಂಟಿ ನೀರನ್ನು ದೂಡುತ್ತದೆ. ಕಲ್ಲಿನೊಳಗಿನ ತೇವ ಆವಿಯಾಗಿ ಹೊರಬರಲು ದಾರಿ ಬಿಡುತ್ತದೆ. ಎಣ್ಣೆಯನ್ನೂ ತಡೆಯಬೇಕಾದರೆ ಫ್ಲೋರೋಪಾಲಿಮರ್ ಇರುವುದನ್ನು ಕೇಳಿ ತರಬೇಕು. ನಮ್ಮ ಅಡಿಗೆಗೆ ಬೇಕಾದದ್ದು ಅದೇ.

ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲೂ ಅಷ್ಟಾಗಿ ಕಾಣದ ವಿಷಯ ಒಂದಿದೆ. ಸೀಲರ್ ಕಲೆಯನ್ನು ತಡೆಯುತ್ತದೆ, ಹುಳಿಯನ್ನು ತಡೆಯುವುದಿಲ್ಲ. ಎಷ್ಟೇ ದುಬಾರಿಯದು ಹಚ್ಚಿದರೂ ಮಾರ್ಬಲ್ ಮೇಲೆ ನಿಂಬೆರಸ ಬಿದ್ದರೆ ಆ ಮಂಕು ಉಂಗುರ ಮೂಡಿಯೇ ಮೂಡುತ್ತದೆ, ಏಕೆಂದರೆ ಹುಳಿ ಕೆಲಸ ಮಾಡುವುದು ಮೇಲ್ಮೈಯಲ್ಲಿ, ರಂಧ್ರದಲ್ಲಲ್ಲ. ಸಾವಿರಾರು ರೂಪಾಯಿ ಕೊಟ್ಟು ಸೀಲ್ ಮಾಡಿಸಿ, 'ಇನ್ನೇನೂ ಆಗಲ್ಲ' ಎಂದು ಕಟ್ಟೆಯ ಮೇಲೆ ಉಪ್ಪಿನಕಾಯಿ ಹೋಳು ಹೆಚ್ಚುವವರು ಆಮೇಲೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಇನ್ನು ವಿಟ್ರಿಫೈಡ್ ಟೈಲ್ಸ್. ಸುಮಾರು 1200 ಡಿಗ್ರಿಯಲ್ಲಿ ಬೆಂದು ಬರುವ ಇವು ಹೀರುವ ನೀರು ತೂಕದ ಶೇ 0.5ಕ್ಕಿಂತ ಕಡಿಮೆ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್‌ನ ಒಡಲು ಶೇ 10ಕ್ಕಿಂತ ಹೆಚ್ಚು ಹೀರುತ್ತದೆ, ಆದರೆ ಮೇಲೆ ಗಾಜಿನ ಹೊದಿಕೆ ಇದೆ. ಎರಡಕ್ಕೂ ಸೀಲರ್ ಬೇಕಿಲ್ಲ. ಬೇಕು ಎಂದು ಮಾರಲು ಬಂದವರನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಸೀಲರ್ ಬೇಕಾದದ್ದು ಅವುಗಳ ಸಂದಿಗೆ.

ಬೇಕೋ ಬೇಡವೋ ಎಂದು ಹೇಳಲು ಪರಿಣತರೇ ಆಗಬೇಕಿಲ್ಲ. ಕಲ್ಲಿನ ಮೇಲೆ, ಸಂದಿನ ಮೇಲೆ ಒಂದು ಚಮಚ ನೀರು ಬಿಟ್ಟು ಹತ್ತು-ಹದಿನೈದು ನಿಮಿಷ ಕಾಯುವುದು. ನೀರು ಮುತ್ತಿನಂತೆ ನಿಂತರೆ ಸರಿ, ಅಡಿಯಲ್ಲಿ ಕಪ್ಪಾದರೆ ಹಚ್ಚುವ ಕಾಲ ಬಂದಿದೆ. ಹಚ್ಚುವಾಗ ಕಲ್ಲು ಒಣಗಿರಬೇಕು. ಮಳೆಗಾಲದಲ್ಲಿ ಅಂಗಳದ ಸಾದಹಳ್ಳಿ ಕಲ್ಲಿಗೆ ಸೀಲರ್ ಹಚ್ಚಿದರೆ ಒಳಗಿನ ತೇವ ಸಿಕ್ಕಿಬಿದ್ದು ಮೋಡ ಕವಿದಂತಾಗುತ್ತದೆ. ಕಲ್ಲು ಕುಡಿಯದೆ ಬಿಟ್ಟದ್ದನ್ನು ಕೆಲವು ನಿಮಿಷದಲ್ಲೇ ಒಣಬಟ್ಟೆಯಿಂದ ಒರೆಸದಿದ್ದರೆ ಅಂಟು ಅಂಟಾಗಿ ಗಟ್ಟಿಯಾಗುತ್ತದೆ.

ಸಂದಿನ ಸಂಕಟ

ನೆಲದಲ್ಲಿ ಮೊದಲು ಮುಖ ಕೆಡಿಸಿಕೊಳ್ಳುವುದು ಸಂದು. ಟೈಲ್ಸ್ ಎಷ್ಟೇ ಉತ್ತಮದ್ದಿರಲಿ, ಸಂದಿನಲ್ಲಿರುವುದು ಸಿಮೆಂಟು, ನುಣ್ಣನೆ ಮರಳು, ಒಂದಿಷ್ಟು ಪಾಲಿಮರ್. ಅದಕ್ಕೂ ನಮ್ಮಲ್ಲಿ ಜಿಪುಣತನ. 2-3 ಮಿಲಿಮೀಟರ್ ಸ್ಪೇಸರ್ ಇಟ್ಟು ಹಾಸಿ ಎಂದರೆ ಮನೆಯವರಿಗೇ ಇಷ್ಟವಿಲ್ಲ, 'ಗೆರೆ ಕಾಣಬಾರದು' ಎನ್ನುತ್ತಾರೆ. ಮೇಸ್ತ್ರಿ 'ಪೇಪರ್ ಜಾಯಿಂಟ್' ಮಾಡಿ, ಮಜ್ಜಿಗೆ ಹದಕ್ಕೆ ಬಿಳಿ ಸಿಮೆಂಟು ಕಲಸಿ ಮೇಲೆ ಎಳೆದುಬಿಡುತ್ತಾನೆ. ಕಾಗದದಷ್ಟು ಸಂದಿನೊಳಗೆ ಅದು ಎಷ್ಟು ಆಳ ಇಳಿದೀತು? ನೀರು ಹೆಚ್ಚಾದ ಸಿಮೆಂಟು ಒಣಗುತ್ತಾ ಕುಗ್ಗುತ್ತದೆ, ಪುಡಿಪುಡಿಯಾಗಿ ಏಳುತ್ತದೆ, ಆ ಜಾಗಕ್ಕೆ ಕೊಳೆ ಬಂದು ಕೂರುತ್ತದೆ.

ಕೊಳೆಯನ್ನು ಅಲ್ಲಿಗೆ ಒಯ್ದು ಮುಟ್ಟಿಸುವವರು ನಾವೇ. ಒಂದು ಬಕೆಟ್ ನೀರಿಗೆ ಧಾರಾಳವಾಗಿ ಫಿನಾಯಿಲ್ ಸುರಿದು, ನಡುಮನೆಯಿಂದ ಹಿತ್ತಿಲವರೆಗೆ ಅದೇ ನೀರಿನಲ್ಲಿ ಒರೆಸಿದರೆ, ಮೂರನೆಯ ಕೋಣೆಗೆ ಬರುವ ಹೊತ್ತಿಗೆ ಮಾಪಿನಿಂದ ಇಳಿಯುವುದು ಕೆಸರು. ಸಂದು ಟೈಲ್ಸ್‌ಗಿಂತ ಕೂದಲೆಳೆಯಷ್ಟು ತಗ್ಗು. ಕೆಸರು ನೀರು ಅಲ್ಲೇ ನಿಲ್ಲುತ್ತದೆ, ನೀರಾರಿ ಕೆಸರು ಉಳಿಯುತ್ತದೆ. ಫಿನಾಯಿಲ್, ಸೋಪು ಹೆಚ್ಚಾದರೆ ನೆಲದ ಮೇಲೆ ತೆಳ್ಳಗೆ ಅಂಟಿನ ಪೊರೆ ಕೂತು, ಬರಿಗಾಲಿಗೆ ತಿಳಿಯುತ್ತದೆ. ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಜಾಲಿಸಿ, ಇನ್ನೊಂದರಲ್ಲಿ ಅದ್ದಿ ಒರೆಸುವುದು, ಕೋಣೆಗೊಮ್ಮೆ ನೀರು ಚೆಲ್ಲುವುದು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ: ಇಷ್ಟರಲ್ಲಿ ಮುಗಿಯುವ ಕೆಲಸ. ಕಪ್ಪಾಗಿಬಿಟ್ಟ ಸಂದಿಗೆ ಅಡಿಗೆ ಸೋಡಾ ಕಲಸಿ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೊಳೆಯಿರಿ. ಕಬ್ಬಿಣದ ಬ್ರಶ್ಶು ಬೇಡ, ಅದರ ಚೂರು ಸಂದಿನಲ್ಲಿ ಉಳಿದು ತುಕ್ಕಾಗುತ್ತದೆ.

ಸಂದಿಗೆ ಎಪಾಕ್ಸಿ ಗ್ರೌಟ್ ಬಳಸಿದ್ದರೆ ಈ ತಲೆನೋವು ಬಹಳ ಕಡಿಮೆ. ಅದು ರಾಳ ಮತ್ತು ಗಟ್ಟಿಕಾರಕ ಸೇರಿ ಆದದ್ದು. ನೀರು ಹೀರುವುದಿಲ್ಲ, ಸೀಲರ್ ಬೇಡ, ಅರಿಶಿನವನ್ನೂ ಸಿಮೆಂಟಿನಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಬೆಲೆ ಹೆಚ್ಚು, ಹಾಕುವ ಕೈ ಪಳಗಿರಬೇಕು. ಗಟ್ಟಿಯಾಗುವ ಮುಂಚೆ ಟೈಲ್ಸ್ ಮೇಲಿನದನ್ನು ಒರೆಸದಿದ್ದರೆ ಆ ಮಬ್ಬು ಕೆರೆದರೂ ಹೋಗದು. ಇಡೀ ಮನೆಗೆ ಆಗದಿದ್ದರೆ ಒಲೆಯ ಹಿಂದಿನ ಗೋಡೆ, ಬಚ್ಚಲು, ಇವೆರಡಕ್ಕಾದರೂ ಹಾಕಿಸುವುದು ದುಡ್ಡಿಗೆ ಮೋಸವಲ್ಲ. ಆದರೆ ಮೇಲಿನ ಮನೆಯ ಬಚ್ಚಲಿಂದ ಕೆಳಗಿನವರ ಸೂರಿಗೆ ನೀರು ಇಳಿಯುತ್ತಿದ್ದರೆ ಎಪಾಕ್ಸಿಯನ್ನು ನಂಬಿ ಕೂರಬೇಡಿ. ನೀರು ತಡೆಯುವ ಪದರ ಇರಬೇಕಾದದ್ದು ಟೈಲ್ಸ್ ಅಡಿಯಲ್ಲಿ. ಸೋರಿಕೆ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಸುತ್ತ, ಪೈಪು ಗೋಡೆಯೊಳಗೆ ಹೋಗುವ ಕಡೆ ಇರುವುದೇ ಹೆಚ್ಚು.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ಪೇಚು. ನಲ್ಲಿಯ ಸುತ್ತ, ಬಚ್ಚಲ ಗೋಡೆಯ ಮೇಲೆ ಕಟ್ಟುವ ಬಿಳಿ ಹಕ್ಕಳೆ ಏನೆಂದುಕೊಂಡಿರಿ? ಅದೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಶಾಬಾದಿ ಕಲ್ಲಿನ ಸ್ವಂತ ತಮ್ಮ. ಅದು ಬಿಡಲು ಹುಳಿಯೇ ಬೇಕು; ಆ ಹುಳಿ ಸಂದಿಗೂ ಕಲ್ಲಿಗೂ ಶತ್ರು. ಟೈಲ್ಸ್ ಗೋಡೆಯಾದರೆ ಒಂದು ಉಪಾಯವಿದೆ. ಮೊದಲು ಸಂದುಗಳಿಗೆ ಚೆನ್ನಾಗಿ ತಣ್ಣೀರು ಕುಡಿಸಿ. ಹೊಟ್ಟೆ ತುಂಬಿದ ಸಿಮೆಂಟು ಹುಳಿಯನ್ನು ಹೀರುವುದು ಕಡಿಮೆ. ಆಮೇಲೆ ನೀರು ಬೆರೆಸಿದ ವಿನೆಗರ್ ಅನ್ನು ಹಕ್ಕಳೆಯ ಮೇಲಷ್ಟೇ ಬಟ್ಟೆಯಿಂದ ಒತ್ತಿ, ಕೆಲವು ನಿಮಿಷದಲ್ಲಿ ತೊಳೆದುಬಿಡಿ. ಕಲ್ಲಿನ ಗೋಡೆಯಾದರೆ ಅದೂ ಬೇಡ. ಸ್ನಾನವಾದ ಮೇಲೆ ರಬ್ಬರ್ ವೈಪರ್ ಎಳೆದು ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಕ್ಷೇಮ.

ಆಸಿಡ್ ಬಾಟಲಿಯ ಮಾತಿಗೆ ಮತ್ತೆ ಬರುವುದಾದರೆ, ಅದು ಕೆಡಿಸುವುದು ನೆಲವನ್ನಷ್ಟೇ ಅಲ್ಲ. ಅದರ ಹಬೆಗೆ ಸ್ಟೀಲಿನ ಸಿಂಕು, ನಲ್ಲಿಯ ಹೊಳಪು ಕೂಡ ಹೋಗುತ್ತವೆ. ಬ್ಲೀಚಿಂಗ್ ಪುಡಿ ಉದುರಿಸಿದ ಬಚ್ಚಲಿಗೆ ಆಸಿಡ್ ಸುರಿದರೆ ಏಳುವುದು ಕ್ಲೋರಿನ್, 1915ರಲ್ಲಿ ಮೊದಲ ಮಹಾಯುದ್ಧದ ಈಪ್ರ್ ರಣರಂಗದಲ್ಲಿ ಬಿಟ್ಟ ಅದೇ ವಿಷಾನಿಲ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಲ್ಲಿ ಬಗ್ಗಿ ಉಜ್ಜುತ್ತಿರುವವರು ಸಾಮಾನ್ಯವಾಗಿ ಮನೆಯ ಯಜಮಾನರಲ್ಲ, ಕೆಲಸಕ್ಕೆ ಬರುವ ಹೆಂಗಸು. ಕೈಗವಸು ಕೊಟ್ಟವರು ಎಷ್ಟು ಮನೆಯವರು? ಹೆಣ್ಣುಮಕ್ಕಳ ಮೇಲೆ ಆಸಿಡ್ ಎರಚುವ ಕೃತ್ಯಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಬಿಡಿ ಮಾರಾಟಕ್ಕೆ ಕಟ್ಟುನಿಟ್ಟು ಮಾಡಿತು: ಕೊಂಡವರ ಹೆಸರು-ವಿಳಾಸ ದಾಖಲಾಗಬೇಕು, ಗುರುತಿನ ಚೀಟಿ ಬೇಕು, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಗುರುತಿನ ಚೀಟಿ ತೋರಿಸಿ ತರಬೇಕಾದ ವಸ್ತುವನ್ನು ನೆಲ ಒರೆಸಲು ಬಳಸುವುದರಲ್ಲೇ ಏನೋ ಅಪಸ್ವರವಿದೆ.

ನೆಲದ ಇನ್ನೊಬ್ಬ ವೈರಿ ತೀರ ಸಪ್ಪೆ: ಬೀದಿಯ ಮಣ್ಣು. ಅದರಲ್ಲಿರುವ ಬೆಣಚಿನ ಕಣದ ಗಡಸು ಮೋಸ್ ಅಳತೆಯಲ್ಲಿ 7, ಮಾರ್ಬಲ್‌ನದು 3. ಕಾಲಿನಡಿ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಹೊಸ್ತಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿ ಅವನ್ನು ಆಗಾಗ ಕೊಡವುವುದು ಯಾವ ಸೀಲರ್‌ಗಿಂತಲೂ ಅಗ್ಗದ, ಮೇಲಾದ ಕೆಲಸ. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಈ ವಿಷಯದಲ್ಲಿ ಅರ್ಧ ಗೆದ್ದಿದೆ.

ಹಳೆಯ ಮೊಸಾಯಿಕ್ ನೆಲ ಇರುವವರಿಗೆ ಒಂದು ಮಾತು. ಮಾಸಿತು, ಗ್ಯಾಸ್ ಸಿಲಿಂಡರಿನ ತುಕ್ಕಿನ ಉಂಗುರ ಬಿತ್ತು ಎಂದು ಅದನ್ನು ಒಡೆಸಿ ಟೈಲ್ಸ್ ಹಾಕಿಸುವುದು ಈಗ ರೂಢಿ. ಒಡೆಸುವ ಮುಂಚೆ ಪಾಲಿಶ್ ಕೆಲಸದವರನ್ನು ಕರೆಸಿ ಒಂದು ಮೂಲೆ ಮಾಡಿಸಿ ನೋಡಿ. ವಿಟ್ರಿಫೈಡ್ ಟೈಲ್ಸ್‌ನ ಹೊಳಪು ಹೋದರೆ ಮನೆಯಲ್ಲಿ ಅದನ್ನು ಮರಳಿ ತರುವುದು ಕಷ್ಟ. ಮೊಸಾಯಿಕ್, ಶಾಬಾದಿ, ಮಾರ್ಬಲ್‌ಗಳ ಕಥೆ ಬೇರೆ, ಮೇಲಿನ ಪದರ ತೆಗೆದರೆ ಅಡಿಯಲ್ಲಿ ಅದೇ ಕಲ್ಲು ಹೊಸದಾಗಿ ಸಿಗುತ್ತದೆ. ಒರಟು ಕಲ್ಲಿನಿಂದ ಶುರುಮಾಡಿ ನುಣುಪಿನ ಕಲ್ಲಿಗೆ ಬರುತ್ತಾ ನೀರು ಹಾಕಿ ಮೆಷಿನ್ನಿನಲ್ಲಿ ಅರೆಯುತ್ತಾರೆ. ಕೊನೆಗೆ ಒಂದು ಚಿಟಿಕೆ ಆಕ್ಸಾಲಿಕ್ ಆಸಿಡ್ ಪುಡಿ. ಹುಳಿಯನ್ನು ಇಷ್ಟು ಬೈದ ಮೇಲೆ ಇದೇನು ಎನ್ನಬೇಡಿ. ಇದೊಂದು ಸುಣ್ಣದ ಜೊತೆ ಸೇರಿ ಸುಲಭಕ್ಕೆ ಕರಗದ ತೆಳುಪೊರೆಯಾಗಿ ಕೂರುತ್ತದೆ. ಹಾಗೆಂದು ಮನೆಯಲ್ಲಿ ನೀವೇ ಎರಚಬೇಡಿ, ಅದು ವಿಷ, ಅದರ ಹದ ಆ ಕೆಲಸದವರಿಗೆ ಗೊತ್ತು. ಮನೆ ಎರಡು ದಿನ ಕೆಸರುಗದ್ದೆಯಾಗುತ್ತದೆ, ಗೋಡೆಗೂ ಸಿಡಿಯುತ್ತದೆ. ಸುಣ್ಣ-ಬಣ್ಣ ಹೊಡೆಸುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಆ ಬಿಳಿ ಕೆಸರನ್ನು ಬಚ್ಚಲ ಕಿಂಡಿಗೆ ಬಿಡಲು ಒಪ್ಪಬೇಡಿ, ಪೈಪಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ಚೀಲಕ್ಕೆ ತುಂಬಿಸಿ ಹೊರಗೆ ಸಾಗಿಸುವುದೂ ಕೂಲಿಯಲ್ಲೇ ಸೇರಿತೆಂದು ಮೊದಲೇ ಮಾತಾಡಿಕೊಳ್ಳಿ.